ಒಂದು ಕಂತಿಗೆ ಎಷ್ಟು ‘ರೀ’?

ರೋಣದ ಆ ಮನೆಯಲ್ಲಿ ಸಂಜೆ ಏಳೂವರೆ ಆಯಿತೆಂದರೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತದೆ, ಪಡಸಾಲೆಯಲ್ಲಿ ಟಿವಿ ಹತ್ತುತ್ತದೆ, ಮಾಸ್ತರರು ಕನ್ನಡಕ ಒರೆಸಿಕೊಂಡು ಪೆನ್ಸಿಲ್ಲು ಹುಡುಕತೊಡಗುತ್ತಾರೆ. ಧಾರಾವಾಹಿ ನೋಡುವುದಕ್ಕೆ ಪೆನ್ಸಿಲ್ಲು ಯಾಕೆಂದು ಹೊಸಬರು ಕೇಳಬಹುದು. ‘ರೀ’ ಎಣಿಸುವುದಕ್ಕೆ.

ಆ ಧಾರಾವಾಹಿಯಲ್ಲಿ ಬೆಂಗಳೂರಿನ ದೊಡ್ಡ ಮನೆಯೊಂದಿದೆ. ಮನೆಯ ನಡುವೆ ಮೆಟ್ಟಿಲು, ಮೆಟ್ಟಿಲ ತುದಿಯಲ್ಲಿ ಅತ್ತೆ, ಬುಡದಲ್ಲಿ ಸೊಸೆ. ಅಡುಗೆಮನೆಯಲ್ಲಿ ಒಬ್ಬ ಕೆಲಸದಾಕೆ. ಅವಳು ‘ಉತ್ತರ ಕರ್ನಾಟಕ’ದವಳಂತೆ, ಯಾವ ಊರು ಎಂದು ನಾನೂರು ಕಂತು ಮುಗಿದರೂ ಯಾರೂ ಹೇಳಿಲ್ಲ. ಈ ಕಡೆಯವಳು ಎಂದು ಗೊತ್ತಾಗುವುದು ‘ರೀ’ಯಿಂದ. ಯಜಮಾನಿಗೆ ರೀ, ಹಾಲಿನವನಿಗೆ ರೀ, ತೊಟ್ಟಿಲ ಕೂಸಿಗೆ ರೀ, ಒಮ್ಮೆ ಉಕ್ಕಿದ ಹಾಲಿಗೂ ರೀ. ಮಾಸ್ತರರು ಕ್ಯಾಲೆಂಡರಿನ ಅಂಚಿನಲ್ಲಿ, ಅಡತಿ ಅಂಗಡಿಯಲ್ಲಿ ಚೀಲ ಎಣಿಸುವವರ ಹಾಗೆ, ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹೊಡೆಯುತ್ತಾರೆ. ಅರ್ಧ ತಾಸಿಗೆ ಹತ್ತೊಂಬತ್ತು ಸಾಮಾನ್ಯ. ಹಬ್ಬದ ವಿಶೇಷ ಸಂಚಿಕೆಯೊಂದರಲ್ಲಿ ನಲವತ್ತು ದಾಟಿ ಪೆನ್ಸಿಲ್ಲಿನ ಮೊನೆಯೇ ಮುರಿಯಿತು.

“ಎಣಸೂದು ಬಿಟ್ಟು ನೋಡ್ರಿ,” ಎನ್ನುತ್ತಾರೆ ಮನೆಯವರು. ಈ ಒಂದು ‘ರಿ’ ಮಾತ್ರ ಇರಬೇಕಾದ ಜಾಗದಲ್ಲೇ ಇದೆ ಎಂದು ಮಾಸ್ತರರು ಮನಸ್ಸಿನಲ್ಲೇ ಸರಿ ಗುರುತು ಹಾಕುತ್ತಾರೆ.

ಈ ಅಕ್ಷರಕ್ಕೊಂದು ಲೆಕ್ಕವಿದೆ. ಗಂಡನಿಗೆ, ಬೀಗರಿಗೆ, ಬಸ್ಸಿನ ಕಂಡಕ್ಟರಿಗೆ, ಗುರುತಿಲ್ಲದ ಯಾರಿಗೇ ಆಗಲಿ ಹಚ್ಚಬೇಕು. ಹಡೆದವ್ವನಿಗೆ ಹಚ್ಚುವುದಿಲ್ಲ, ಎತ್ತಿಗೆ, ಕೂಸಿಗೆ, ಕೂಡಿ ಆಡಿದ ಗೆಳೆಯನಿಗೆ ಹಚ್ಚುವುದಿಲ್ಲ. ದೇವರಿಗಂತೂ ಇಲ್ಲವೇ ಇಲ್ಲ. ಗಜೇಂದ್ರಗಡದ ಗುಡ್ಡದ ಕಾಲಕಾಲೇಶ್ವರನ ಮುಂದೆ ನಿಂತು “ಕಾಪಾಡೋ ಯಪ್ಪಾ” ಎಂದವರುಂಟು, “ಕಾಪಾಡ್ರಿ” ಎಂದವರನ್ನು ಯಾರೂ ಕಂಡಿಲ್ಲ. ಇನ್ನು ಜಗಳ. ಇಬ್ಬರು ಗಂಡಸರು ಸಂತೆಯಲ್ಲಿ ಎಷ್ಟೇ ಕೂಗಾಡಲಿ, ಮಾತಿನ ತುದಿಗೆ ‘ರಿ’ ಇರುವ ತನಕ ಜನ ತಮ್ಮ ಪಾಡಿಗೆ ಉಳ್ಳಾಗಡ್ಡಿ ಆರಿಸುತ್ತಿರುತ್ತಾರೆ. ಅದು ಕಳಚಿ ಬಿತ್ತೋ, ಇನ್ನು ಕೈ ಎತ್ತುವುದೊಂದೇ ಬಾಕಿ ಎಂದು ನಡುವೆ ಬಂದು ಬಿಡಿಸುತ್ತಾರೆ. ಇಷ್ಟು ಕೆಲಸ ಮಾಡುವ ಅಕ್ಷರವನ್ನು ಕಂಡಕಂಡಲ್ಲಿ ಚೆಲ್ಲಿದರೆ ಹೊಟ್ಟೆ ಉರಿಯದೆ ಇರುತ್ತದೆಯೆ?

ಮಾಸ್ತರರು ಹುಟ್ಟಿದ್ದು ಗಜೇಂದ್ರಗಡದಲ್ಲಿ, 1960ರಲ್ಲಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದು ರೋಣದಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ಒಟ್ಟು ಮೂವತ್ನಾಲ್ಕು ವರ್ಷ. ಅಕ್ಕನನ್ನು ಕೊಟ್ಟಿದ್ದು ನರಗುಂದಕ್ಕೆ. ಈ ಮೂರು ಊರುಗಳ ಆಚೆಗಿನ ಲೋಕವನ್ನೆಲ್ಲ ಅವರು ನೋಡಿದ್ದು ಪರದೆಯ ಮೇಲೆ. ನೋಡಿದ್ದಕ್ಕೆಲ್ಲ ಅಂಕ ಕೊಟ್ಟಿದ್ದಾರೆ. ಅದಕ್ಕಾಗಿ ಇನ್ನೂರು ಪುಟದ ನೋಟುಬುಕ್ಕೊಂದಿದೆ. ‘ಬಂಗಾರದ ಮನುಷ್ಯ’ (1972): ನೂರಕ್ಕೆ ತೊಂಬತ್ತೆರಡು. ಎಂಟು ಕಡಿತಕ್ಕೆ ಕಾರಣ, ‘ರಾಜೀವ ಕೊನೆಗೆ ಊರು ಬಿಡಬಾರದಿತ್ತು’. ಅದೇ ವರ್ಷದ ‘ನಾಗರಹಾವು’: ತೊಂಬತ್ತು. ‘ಚಾಮಯ್ಯ ಮೇಷ್ಟ್ರನ್ನು ಕೊಂದದ್ದಕ್ಕೆ ಹತ್ತು ಕಡಿತ.’ 2018ರ ‘ಕೆಜಿಎಫ್’: ಐವತ್ತೈದು, ‘ಕತ್ತಲೆ ಬಹಳ, ವಿದ್ಯಾರ್ಥಿಯ ಮುಖ ಕಾಣಿಸಲಿಲ್ಲ’. 2022ರ ‘ಕಾಂತಾರ’ಕ್ಕೆ ಎಂಬತ್ತೆಂಟು ಕೊಟ್ಟು ಪಕ್ಕದಲ್ಲಿ ಬರೆದಿದ್ದಾರೆ: ‘ಅವರ ಮಾತು ಅವರು ಬಿಡಲಿಲ್ಲ.’ ಆ ಸಾಲನ್ನು ಮೆಚ್ಚುಗೆ ಎಂದು ಓದಿದರೂ ಸರಿ, ಅಸೂಯೆ ಎಂದು ಓದಿದರೂ ಸರಿ.

‘ನಾಗಮಂಡಲ’ಕ್ಕೆ ಕೊಟ್ಟದ್ದು ತೊಂಬತ್ತಾರು, ಆ ಪುಸ್ತಕದ ಅತಿ ಹೆಚ್ಚು ಅಂಕ. ಗಿರೀಶ ಕಾರ್ನಾಡರ ನಾಟಕ, ನಾಗಾಭರಣರ ನಿರ್ದೇಶನ, 1997. ಪ್ರಕಾಶ್ ರಾಜ್ ಮತ್ತು ವಿಜಯಲಕ್ಷ್ಮಿ ಇಡೀ ಸಿನಿಮಾದಲ್ಲಿ ಈ ಕಡೆಯ ಮಾತು ಆಡುತ್ತಾರೆ. ನಗಿಸುವುದಕ್ಕಲ್ಲ, ಪ್ರೀತಿಸುವುದಕ್ಕೆ, ಸಿಟ್ಟಾಗುವುದಕ್ಕೆ, ಹೆದರುವುದಕ್ಕೆ. ಮಾಸ್ತರರು ಅದನ್ನು ಕುರಿತು ಮನೆಯಲ್ಲಿ ದೀರ್ಘ ವ್ಯಾಖ್ಯಾನ ಶುರುಮಾಡಿದ್ದರು. ಮನೆಯವರು ಒಂದೇ ಮಾತಿನಲ್ಲಿ ಮುಗಿಸಿದರು: “ಕಡೀಕ ಒಂದ ಹಾವರ ನಮ್ಮಂಗ ಮಾತಾಡ್ತಲ್ಲ.”

ಅಂಕವಿಲ್ಲದೆ ಖಾಲಿ ಉಳಿದಿರುವುದು ಒಂದೇ, ‘ಸಂಪತ್ತಿಗೆ ಸವಾಲ್’. 1974ರ ಚಿತ್ರ. ಅದು ಗಜೇಂದ್ರಗಡದ ಟೂರಿಂಗ್ ಟಾಕೀಸಿಗೆ ಬರುವ ಹೊತ್ತಿಗೆ ಎಷ್ಟು ಊರು ಸುತ್ತಿತ್ತೋ, ರೀಲಿನ ತುಂಬ ಮಳೆ ಸುರಿಯುತ್ತಿತ್ತು. ನೆಲದ ಟಿಕೀಟಿನವರು ಉಸುಕನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುವರು. ಹಿಂದಿನವರು ಬೈದರೆ ಗುಡ್ಡೆಯನ್ನು ಒಂದು ಬೊಗಸೆ ಇಳಿಸುವರು. ನೇಕಾರರ ಓಣಿಯಲ್ಲಿ ಆ ರಾತ್ರಿ ಮಗ್ಗದ ಸದ್ದೇ ಇಲ್ಲ, ಎಲ್ಲರೂ ಇಲ್ಲೇ. ಅಲ್ಲಿಯವರೆಗೆ ರಾಜಕುಮಾರರಿಗೆ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸರ ದನಿ. ಈ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ತಾವೇ ಹಾಡಿದರು. ಎಮ್ಮೆ ಕಂಡಿದ್ದಕ್ಕೋ ದನಿ ಕೇಳಿದ್ದಕ್ಕೋ, ಹದಿಹರೆಯದ ಮಾಸ್ತರರು ಸೀಟಿ ಹೊಡೆದರು. ಹಿಂದೆ ಅವರ ಕಾಕಾ ಕೂತಿದ್ದರು. ಮುಂದಿನ ಎರಡು ರೀಲು ಅವರಿಗೆ ನೆನಪಿಲ್ಲ.

ಅದು ಪಿ.ಬಿ. ಧುತ್ತರಗಿಯವರ ನಾಟಕ ಎಂದು ತಿಳಿದದ್ದು ಆಮೇಲೆ. ಗಜೇಂದ್ರಗಡದಿಂದ ಇಳಕಲ್ಲು ದಾಟಿದರೆ ಹುನಗುಂದ. ಧುತ್ತರಗಿ ಆ ಸೀಮೆಯವರು. ಜಾತ್ರೆಯ ಕಂಪನಿ ಅದೇ ನಾಟಕ ಹಾಕಿದಾಗ ಮಾಸ್ತರರು ಬೆಳತನಕ ಕೂತು ನೋಡಿದರು. ಅಲ್ಲಿ ಸಾಹುಕಾರ ಬೈಯುವುದು ಅವರ ಓಣಿಯ ಸಾಹುಕಾರ ಬೈಯುವಂತೆಯೇ ಇತ್ತು. ಸಿನಿಮಾಕ್ಕೆ ಹೋಗುವಾಗ ಅದೇ ಮಾತು ಬೇರೆ ಅಂಗಿ ತೊಟ್ಟುಕೊಂಡಿತ್ತು. ಯಾರ ಉತ್ತರ ಪತ್ರಿಕೆ ಎಂದು ತಿಳಿದು ಅಂಕ ಕೊಡಬೇಕು? ಮಾಸ್ತರರು ಆ ಜಾಗವನ್ನು ಹಾಗೇ ಬಿಟ್ಟರು.

ಟಿವಿ ಅವರ ಬಾಳಿನಲ್ಲಿ ಬಂದದ್ದು ತಡವಾಗಿ, ಅದಕ್ಕೂ ಒಂದು ದೂರು ಇದೆ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವನ್ನು ಎರವಲು ತಂದು ಆರು ರಾಜ್ಯಗಳ ಹಳ್ಳಿಗಳಿಗೆ ಟಿವಿ ತೋರಿಸಿದರು. ಕರ್ನಾಟಕದಲ್ಲಿ ಆ ಭಾಗ್ಯ ಬಿಜಾಪುರ, ರಾಯಚೂರು, ಗುಲ್ಬರ್ಗಾ ಜಿಲ್ಲೆಗಳದು. ಗಜೇಂದ್ರಗಡದ ಒಂದು ಮಗ್ಗುಲಿಗೆ ಆಗಿನ ಬಿಜಾಪುರ ಜಿಲ್ಲೆ, ಇನ್ನೊಂದು ಮಗ್ಗುಲಿಗೆ ಆಗಿನ ರಾಯಚೂರು ಜಿಲ್ಲೆ, ಊರು ಮಾತ್ರ ಧಾರವಾಡ ಜಿಲ್ಲೆಯದು. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ರೋಣ ತಾಲ್ಲೂಕಿನ ಗಡಿಕಲ್ಲು ಅಷ್ಟು ನಿಖರವಾಗಿ ಹೇಗೆ ಕಂಡಿತೋ ಎಂದು ಮಾಸ್ತರರು ಇವತ್ತಿಗೂ ಕೇಳುತ್ತಾರೆ.

ಹಾಗಾಗಿ ಮೊದಲು ನೋಡಿದ್ದು ‘ರಾಮಾಯಣ’. 1987ರ ಜನವರಿಯಿಂದ ರವಿವಾರ ಮುಂಜಾನೆ ಒಂಬತ್ತೂವರೆಗೆ, ರೋಣದಲ್ಲಿ ಅವರು ಬಾಡಿಗೆಗೆ ಇದ್ದ ಮನೆಯ ಮಾಲೀಕರ ಪಡಸಾಲೆಯಲ್ಲಿ. ಜನ ಎರೆದುಕೊಂಡು, ವಿಭೂತಿ ಹಚ್ಚಿಕೊಂಡು ಬರುವರು. ಟಿವಿಗೆ ಊದಿನಕಡ್ಡಿ ಬೆಳಗಿ, ಕಾಯಿ ಒಡೆದ ನೀರು ಡಬ್ಬಿಯೊಳಗೆ ಇಳಿಯದಂತೆ ಅದರ ಮೇಲೊಂದು ಟವೆಲು ಹೊದಿಸುವರು. ಮಾಳಿಗೆಯ ಮೇಲೆ ಒಬ್ಬ ಹುಡುಗ ಆಂಟೆನಾ ಹಿಡಿದು ನಿಂತಿರುವನು. ಪಾಪ, ಆತ ರಾಮಾಯಣವನ್ನು ಬರೀ ಕೇಳಿದವನು. ಮಾತೆಲ್ಲ ಹಿಂದಿಯಲ್ಲಿ. ಹೊಸದಾಗಿ ನೌಕರಿಗೆ ಸೇರಿದ ಕನ್ನಡ ಮಾಸ್ತರರು ಸುಮ್ಮನಿರಲಾರದೆ ಎದ್ದುನಿಂತು ಅನುವಾದಿಸತೊಡಗಿದರು: “ಹೇ ಪ್ರಾಣನಾಥ, ನಿಮ್ಮ ಅಗಲಿಕೆಯನ್ನು ನಾನೆಂತು ಸಹಿಸಲಿ ಎಂದು ಸೀತಾಮಾತೆ ನುಡಿಯುತ್ತಿದ್ದಾಳೆ.” ಮಾಲೀಕರ ತಾಯಿ, ಎಂಬತ್ತರ ಆಯಿ, ಕಣ್ಣು ಒರೆಸಿಕೊಳ್ಳುತ್ತ ಅಂದರು: “ನೀ ಒಂಚೂರು ಕುಂದ್ರಪಾ ಮಾಸ್ತರ. ಆಕಿ ಅಳೂದು ನಂಗ ತಿಳೀತೈತಿ. ನೀ ಹೇಳೂದು ತಿಳಿವಲ್ದು.”

ರಾಮಾಯಣ 1988ರ ಜುಲೈ 31ಕ್ಕೆ ಮುಗಿಯಿತು. ಹದಿನೈದು ದಿನಕ್ಕೆ ಸ್ವಾತಂತ್ರ್ಯೋತ್ಸವ. ಧ್ವಜ ಏರಿಸಿ, ಚಿಣ್ಣರಿಗೆ ಚುರುಮುರಿ ಹಂಚಿ ಬಂದ ಮಾಸ್ತರರು ಆ ದಿನ ಹೊಸದೊಂದು ಹಾಡು ನೋಡಿದರು, ‘ಮಿಲೇ ಸುರ್ ಮೇರಾ ತುಮ್ಹಾರಾ’. ದೇಶದ ಭಾಷೆಗಳೆಲ್ಲ ಒಂದೊಂದು ಸಾಲು ಹಾಡುವ ಆ ಹಾಡನ್ನು ಎತ್ತಿಕೊಟ್ಟವರು ಭೀಮಸೇನ ಜೋಶಿ, ಹಿಂದೆ ಧುಮ್ಮಿಕ್ಕುವ ನೀರು. ಪಡಸಾಲೆಯಲ್ಲಿ ಯಾರೋ ಕೂಗಿದರು: “ಏ, ಇಂವ ನಮ್ಮ ರೋಣದಾಂವ!” ಹೌದು; ಜೋಶಿಯವರು 1922ರ ಫೆಬ್ರುವರಿ 4ರಂದು ಹುಟ್ಟಿದ್ದು ರೋಣದಲ್ಲಿ. ಆದರೆ ಹಾಡಿದ್ದು ಹಿಂದಿ. ಕನ್ನಡದ ಸಾಲು ಬಂದಾಗ ಪರದೆಯ ಮೇಲೆ ಬೇರೆ ಯಾರೋ. ಊರಿನ ಮನುಷ್ಯ ದೇಶಕ್ಕೆಲ್ಲ ಕೇಳುವ ಹಾಗೆ ಬಾಯಿ ತೆರೆದರೂ ಊರಿನ ಮಾತು ಬರಲಿಲ್ಲವಲ್ಲ ಎಂಬುದು ಆ ದಿನದ ಕೊರಗು. ಈಗ ನೋಡಿದರೆ ಅದು ಸ್ವಲ್ಪ ಅತಿಯೇ.

ಭೀಮಸೇನರ ಬಗ್ಗೆ ಮಾಸ್ತರರಿಗೆ ಇನ್ನೊಂದು ಸಲಿಗೆ ಇದೆ. ಅವರ ತಂದೆಯೂ ಶಾಲೆಯ ಮಾಸ್ತರರು. ಹುಡುಗ ಭೀಮಸೇನ ಬೀದಿಯಲ್ಲಿ ಭಜನೆಯೋ ಬ್ಯಾಂಡೋ ಹೋದರೆ ಹಿಂದೆಯೇ ಹೋಗಿ, ದಣಿದು ಎಲ್ಲೋ ಮಲಗಿಬಿಡುತ್ತಿದ್ದನಂತೆ. ಹುಡುಕಿ ಸಾಕಾದ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರಂತೆ, ಕಂಡವರು ಮನೆಗೆ ಮುಟ್ಟಿಸಲಿ ಎಂದು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಆತ ಗುರುವನ್ನು ಹುಡುಕಿಕೊಂಡು ಮನೆಯನ್ನೇ ಬಿಟ್ಟ. ಆ ಹುಡುಗ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಗೆ ಮರುಳಾದದ್ದಕ್ಕೂ ತಾವು ಟೂರಿಂಗ್ ಟಾಕೀಸಿನ ಪಡದೆಗೆ ಮರುಳಾದದ್ದಕ್ಕೂ ವ್ಯತ್ಯಾಸವಿಲ್ಲ ಎಂದು ಮಾಸ್ತರರು ವಾದಿಸುತ್ತಾರೆ. ಮನೆಯವರ ಪ್ರಕಾರ ವ್ಯತ್ಯಾಸ ಇದೆ: ಅವರಿಗೆ ಭಾರತರತ್ನ ಬಂತು.

ನರಗುಂದದ ವಿಷಯಕ್ಕೆ ಬಂದರೆ ಮಾಸ್ತರರು ಪ್ರೇಕ್ಷಕರಷ್ಟೇ ಅಲ್ಲ, ನಿರ್ದೇಶಕರು. ನರಗುಂದದ ಬಾಬಾಸಾಹೇಬನ ಮೇಲೆ ಒಂದು ಸಿನಿಮಾ ಅವರ ತಲೆಯಲ್ಲಿ ಐವತ್ತು ವರ್ಷದಿಂದ ಓಡುತ್ತಿದೆ. 1858ರ ಮೇ ತಿಂಗಳು, ಸುರೇಬಾನದಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ನನ ತಲೆ ಉರುಳುವುದು ಮಧ್ಯಂತರ. ಜೂನ್ 12, ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು, ಅದು ಕೊನೆ. ನರಗುಂದದ ಗುಡ್ಡ ಸೆಟ್ ಹಾಕಿದ ಹಾಗೆ ನಿಂತೇ ಇದೆ, ಖರ್ಚಿಲ್ಲ. ಬಿ.ಆರ್. ಪಂತುಲು 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ ಮಾಡಬಹುದಾದರೆ ಇದೇಕೆ ಆಗಬಾರದು? ‘ಮಯೂರ’ (1975) ನೋಡಿದ ರಾತ್ರಿ ಬಾಬಾಸಾಹೇಬನ ಪಾತ್ರವನ್ನು ಅವರು ರಾಜಕುಮಾರರಿಗೆ ಕೊಟ್ಟರು. ಆಮೇಲೆ, ವಯಸ್ಸು ಹೊಂದುವುದಿಲ್ಲವೆಂದು, ಶಂಕರನಾಗ್‌ಗೆ. ‘ಮಾಲ್ಗುಡಿ ಡೇಸ್’ಗಾಗಿ ಆಗುಂಬೆಯನ್ನೇ ಮಾಲ್ಗುಡಿ ಮಾಡಿದ ಮನುಷ್ಯನಿಗೆ ನರಗುಂದವನ್ನು ನರಗುಂದ ಮಾಡುವುದು ಕಷ್ಟವೆ? 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಆ ಅಪಘಾತವಾಯಿತು. ಪಾತ್ರ ವಿಷ್ಣುವರ್ಧನರಿಗೆ ಹೋಯಿತು. ಅವರು 2009ರ ಕೊನೆಗೆ ತೀರಿಕೊಂಡರು. ಪುನೀತ್‌ಗೆ ಕೊಟ್ಟರು. 2021ರ ಅಕ್ಟೋಬರ್ 29ರ ಮಧ್ಯಾಹ್ನದ ಮೇಲೆ ಮಾಸ್ತರರು ಆ ಪಾತ್ರವನ್ನು ಯಾರಿಗೂ ಕೊಟ್ಟಿಲ್ಲ. ಮೊಮ್ಮಗ ಈಗಿನ ಹೀರೋಗಳ ಹೆಸರು ಸೂಚಿಸಿದರೆ, “ಬ್ಯಾಡೋ ತಮ್ಮಾ, ಚೆಂದಾಗಿ ಬಾಳಿ ಬದುಕಲಿ,” ಎನ್ನುತ್ತಾರೆ.

ನರಗುಂದದ ಇನ್ನೊಂದು ಬಂಡಾಯ ಅವರು ಕಂಡದ್ದೇ. 1980ರ ಜುಲೈ 21ರಂದು ಅವರು ಅಕ್ಕನ ಮನೆಯಲ್ಲಿದ್ದರು. ಮಲಪ್ರಭೆಯ ನೀರು ಸರಿಯಾಗಿ ತಲುಪದ ಹೊಲಕ್ಕೂ ಅಭಿವೃದ್ಧಿ ಕರ ಹೇರಿದರೆಂದು ರೈತರು ತಹಶೀಲ್ದಾರ ಕಚೇರಿಗೆ ಹೋದ ದಿನ ಅದು. ಗುಂಡು ಹಾರಿತು, ರೈತನೂ ಸತ್ತ, ಪೊಲೀಸರೂ ಸತ್ತರು. ಕದ ಹಾಕಿ ಒಳಗೆ ಕೂತಿದ್ದ ಇಪ್ಪತ್ತರ ಹುಡುಗನಿಗೆ ಗಟ್ಟಿಯಾಗಿ ನೆನಪಿರುವುದು ಊಟ. ಹಿಟ್ಟಿನ ಗಿರಣಿ ತೆರೆಯಲಿಲ್ಲವೆಂದು ಅಕ್ಕ ಮೂರು ದಿನ ಅನ್ನವನ್ನೇ ಮಾಡಿದಳು. ಜೋಳ ಬೆಳೆಯುವ ಮನೆಯಲ್ಲಿ ರೊಟ್ಟಿ ಇಲ್ಲ. ಆ ಬಂಡಾಯದ ಮೇಲೆ ನಾಗೇಂದ್ರ ಮಾಗಡಿಯವರು ‘ನರಗುಂದ ಬಂಡಾಯ’ ಎಂಬ ಚಿತ್ರ ಮಾಡಿದರು. 2020ರ ಮಾರ್ಚ್ ಎರಡನೇ ವಾರ ತೆರೆಗೆ ಬಂತು. ಅಕ್ಕನನ್ನು ಕರೆದುಕೊಂಡು ರವಿವಾರ ಗದಗಿ​ಗೆ ಹೋಗಿ ನೋಡುವುದೆಂದು ನಿಶ್ಚಯವಾಯಿತು. ಕೊರೊನಾ ಬಂದು ರಾಜ್ಯದ ಚಿತ್ರಮಂದಿರಗಳು ಮುಚ್ಚಿದ್ದು ಮಾರ್ಚ್ 14, ಶನಿವಾರ.

ಮುಂದೆ ಮೊಮ್ಮಗನ ಮೊಬೈಲಿನಲ್ಲಿ ಅದರ ತುಣುಕುಗಳನ್ನು ನೋಡುವಾಗ ಮನೆಯವರು ನಾಯಕನ ಗುರುತು ಹಿಡಿದರು: “ಇಂವ ನಮ್ಮ ಪುಟ್ಟಗೌರಿ ಗಂಡ ಅಲ್ಲೇನು?” ಹೌದು, ‘ಪುಟ್ಟಗೌರಿ ಮದುವೆ’ಯ ಮಹೇಶನಾಗಿದ್ದ ರಕ್ಷ್. ಅಲ್ಲಿಗೆ ಬಂಡಾಯದ ಮಾತು ಮುಗಿದು ಪುಟ್ಟಗೌರಿಯ ಕಷ್ಟಗಳ ಮಾತು ಶುರುವಾಯಿತು. ನೋಟುಬುಕ್ಕಿನಲ್ಲಿ ಆ ಚಿತ್ರದ ಮುಂದೆ ಅಂಕವಿಲ್ಲ, ‘ಗೈರುಹಾಜರು’ ಎಂದಿದೆ. ಗೈರುಹಾಜರಾದದ್ದು ಚಿತ್ರವಲ್ಲ.

ಚಿತ್ರಮಂದಿರ ಮುಚ್ಚಿದ ಅದೇ ವರ್ಷದ ಮೇ ತಿಂಗಳು ಮಾಸ್ತರರು ನಿವೃತ್ತರಾದರು. ಹಾರವಿಲ್ಲ, ಶಾಲಿಲ್ಲ, ಬಾಯಿಗೆ ಮಾಸ್ಕು ಕಟ್ಟಿಕೊಂಡು ಹೋಗಿ ಸಹಿ ಹಾಕಿ ಬಂದರು. ಆ ದಿನಗಳಲ್ಲೇ ಸ್ಟಾರ್ ಸುವರ್ಣದಲ್ಲಿ ‘ಮಹಾಭಾರತ’ ಕನ್ನಡದ ಮಾತಿನೊಂದಿಗೆ ಬಂತು. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಬೇಡವೆಂದು ಇದ್ದದ್ದು ಹಾಗೆ ಸಡಿಲವಾಯಿತು. ದುರ್ಯೋಧನ ಥೇಟ್ 1987ರ ಮಾಸ್ತರರ ಹಾಗೆ ಮಾತಾಡುತ್ತಿದ್ದ. ಆಯಿ ಇದ್ದಿದ್ದರೆ ಅವನನ್ನೂ ಕುಂದ್ರಪಾ ಎನ್ನುತ್ತಿದ್ದರು.

ಬಿಗ್ ಬಾಸ್ ಬಗ್ಗೆ ಮಾಸ್ತರರ ಅಭಿಪ್ರಾಯ ಗಟ್ಟಿ: ಬೇರೆಯವರ ಮನೆಯೊಳಗೆ ಇಣುಕುವುದು ಸಭ್ಯರ ಲಕ್ಷಣವಲ್ಲ. ಹಾಗೆಂದು ಹನ್ನೊಂದನೆಯ ಸೀಸನ್ನಿನಲ್ಲಿ ಹನುಮಂತ ನಡುವೆ ಬಂದು ಸೇರಿಕೊಂಡ ದಿನದಿಂದ ಅವರು ಬಾಗಿಲಲ್ಲಿ ನಿಂತು, ಪೇಪರು ಓದುವವರಂತೆ ಇಣುಕಿದ್ದಾರೆ. ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿಯ ತಾಂಡಾದಿಂದ, ಕುರಿ ಕಾಯುತ್ತ ಹಾಡುತ್ತ ‘ಸರಿಗಮಪ’ಕ್ಕೆ ಹೋದ ಹುಡುಗ. ಕ್ಯಾಮೆರಾ ಇದೆಯೆಂದು ಅವನ ಮಾತಿನಲ್ಲಿ ಒಂದು ಅಕ್ಷರವೂ ಹೆಚ್ಚಾಗಲಿಲ್ಲ. ಸುದೀಪ್ ಎದುರು ‘ರಿ’, ಗೆಳೆಯರ ಜೊತೆ ಬರೀ ‘ದೋಸ್ತಾ’. ಕ್ಯಾಲೆಂಡರಿನ ಅಂಚು ಆ ವಾರಗಳಲ್ಲಿ ಖಾಲಿ. 2025ರ ಜನವರಿಯಲ್ಲಿ ಅವನು ಗೆದ್ದ ರಾತ್ರಿ ಮನೆಯವರು ತಾವು ಓಟು ಹಾಕಿದ್ದನ್ನು ಒಪ್ಪಿಕೊಂಡರು. ಮಾಸ್ತರರು ಒಪ್ಪಿಕೊಳ್ಳಲಿಲ್ಲ.

ಕಳೆದ ತಿಂಗಳು ಏಳೂವರೆಗೆ ಟಿವಿ ಹತ್ತಿತು, ಚಿತ್ರ ಬರಲಿಲ್ಲ. ಕೇಬಲ್ಲಿನವ ಬಂದ. ನಲವತ್ತರ ಆಸುಪಾಸು, ಇವರದೇ ಹಳೆಯ ವಿದ್ಯಾರ್ಥಿ. ವೈರು ನೋಡುತ್ತ ಕ್ಯಾಲೆಂಡರಿನ ಗೀಟುಗಳು ಏನೆಂದು ಕೇಳಿದ. ಮಾಸ್ತರರಿಗೆ ಅಷ್ಟೇ ಸಾಕಾಗಿತ್ತು. ಈ ಕಡೆಯವರೆಂದರೆ ಕೆಲಸದವರು, ಕುಡುಕರು, ನಗಿಸುವವರು, ‘ಮನಸಾರೆ’ಯ ರಾಜು ತಾಳಿಕೋಟೆಯಂಥ ಕಲಾವಿದರ ನಾಲಗೆ ಎಷ್ಟು ಸ್ವಚ್ಛವಿದ್ದರೂ ಅವರಿಗೂ ಸಿಕ್ಕಿದ್ದು ನಗೆಯ ಪಾತ್ರವೇ, ನಮ್ಮ ಮಾತು ಮಾತಾಗಿ ಯಾರಿಗೆ ಬೇಕು? ಹೀಗೆ ಹತ್ತು ನಿಮಿಷ.

ಆತ ಸ್ಕ್ರೂಡ್ರೈವರು ಕೆಳಗಿಟ್ಟ. “ಸರ, ನೆನಪೈತೇನ್ರಿ? ಎಂಟನೇತ್ತದಾಗ ‘ನಾನು ನೋಡಿದ ಚಲನಚಿತ್ರ’ ಅಂತ ನಿಬಂಧ ಬರಿಸಿದ್ರಿ. ನಾ ‘ಜನುಮದ ಜೋಡಿ’ ಬರದಿದ್ದೆ. ‘ಸಿನೆಮಾ ಭಾಳ ಚಲೋ ಐತ್ರಿ, ನಮ್ಮವ್ವ ಅತ್ಲು’ ಅಂತ. ನೀವು ‘ಭಾಳ ಚಲೋ ಐತ್ರಿ’ ಹೊಡದು ‘ಬಹಳ ಚೆನ್ನಾಗಿದೆ’ ಅಂತ ಕೆಂಪು ಶಾಯಿಲೆ ಬರದ್ರಿ. ಕೆಳಗ ‘ಗ್ರಾಮ್ಯ ಭಾಷೆ ಬಳಸಬಾರದು’. ಎರಡು ಮಾರ್ಕ್ಸ್ ಕಟ್ಟು.”

ಮಾಸ್ತರರಿಗೆ ಆ ಹುಡುಗನ ನಿಬಂಧ ನೆನಪಾಗಲಿಲ್ಲ. ಕೆಂಪು ಶಾಯಿ ನೆನಪಾಯಿತು. ವರ್ಷಕ್ಕೆ ಎರಡು ಬಾಟಲಿ, ಮೂವತ್ನಾಲ್ಕು ವರ್ಷ. ಒಳಗಿನಿಂದ ಮನೆಯವರು ನಕ್ಕದ್ದು ಕೇಳಿಸಿತು.

“ಆ ಎರಡು ಮಾರ್ಕ್ಸ್ ಈಗ ಕೊಡ್ತೀನೋ ತಮ್ಮಾ,” ಅಂದರು ಮಾಸ್ತರರು, ಪೆನ್ಸಿಲ್ಲು ಹುಡುಕುತ್ತ.

“ಮಾರ್ಕ್ಸ್ ಇರ್ಲಿ ಬಿಡ್ರಿ ಸರ. ಎರಡು ತಿಂಗಳದ್ದು ಕೇಬಲ್ ಬಾಕಿ ಐತಿ. ವೈರಿಗೇನೂ ಆಗಿಲ್ಲ, ಅದಕ್ಕ ಬಂದಾಗೈತಿ.”

ಮಾಸ್ತರರು ಒಳಗೆ ಹೋಗಿ ಆರುನೂರು ರೂಪಾಯಿ ತಂದುಕೊಟ್ಟರು.